ಲಿಫ್ಟಿನೊಳಗಿನ ನನ್ನ ನಿದ್ದೆಗೆ ಭಂಗ ತಂದ ಕ್ಷೇಮಾಧಿಕಾರಿಗಳಿಗೆ

ಮಾನ್ಯರೇ,

ಸದಾ ಹಸನ್ಮುಖಿಗಳೂ, ಮೆತ್ತನೆಯ ಶೂ ಹಾಕಿಕೊಂಡು ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಂತು ಕುಶಲ ವಿಚಾರಿಸಿ ಎದೆ ಝಲ್ಲೆನ್ನಿಸುವವರೂ, ನಮ್ಮ ಲಿಫ್ಟ್ ಕಂಪನಿಯ ಸಮಸ್ತ ಸಿಬ್ಬಂದಿಯ ಮನಶ್ಶಾಂತಿಯ ಹೊಣೆಯನ್ನು ಒಬ್ಬರೇ ಹೊತ್ತವರೂ ಆದ ತಮಗೆ, ಅದೇ ಕಂಪನಿಯ ತುರ್ತು ಕರೆ ವಿಭಾಗದಲ್ಲಿ ಕೂರುವ, ಹಿರಿಯರು ಕಿರಿಯರೆನ್ನದೆ ಎಲ್ಲರೂ 'ಗಂಟೆ ಅಕ್ಕ' ಎಂದೇ ಕರೆಯುವ ನಾನು ಮಾಡುವ ಅನಂತ ನಮಸ್ಕಾರಗಳು. ನಾನು ಕ್ಷೇಮ. ಈ ಮಾತನ್ನು ಬಹಳ ಕಾಲದ ನಂತರ ಸುಳ್ಳು ಹೇಳದೆ ಬರೆಯುತ್ತಿದ್ದೇನೆ; ಈ ಪತ್ರದ ದೂರಿಗೂ ಅದಕ್ಕೂ ಸಂಬಂಧವಿರುವುದರಿಂದ ದಯವಿಟ್ಟು ಕೊನೆಯವರೆಗೆ ಓದಬೇಕು. ಇದನ್ನು ಬಹಿರಂಗವಾಗಿ ಬರೆಯಲು ಕಾರಣ, ತಮ್ಮ ಕೋಣೆಯ ಬಾಗಿಲಿನ ಸಲಹಾ ಪೆಟ್ಟಿಗೆಯ ಬಾಯಿ ಎಷ್ಟು ಸಣ್ಣದೆಂದರೆ, ಅದರೊಳಗೆ ಹೊಗಳಿಕೆ ಮಾತ್ರ ಹಿಡಿಸುತ್ತದೆ.

ಈ ಪತ್ರವನ್ನು ಹೊರಗಿನವರೂ ಓದಬಹುದಾದ್ದರಿಂದ ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಊರಿನ ಯಾವುದೇ ಕಟ್ಟಡದಲ್ಲಿ ನಮ್ಮ ಕಂಪನಿಯ ಲಿಫ್ಟ್ ಅರ್ಧದಲ್ಲಿ ನಿಂತುಹೋಗಿ, ಒಳಗೆ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತಿದರೆ, ಗಂಟೆ ಬಾರಿಸುವುದು ನನ್ನ ಮೇಜಿನ ಮೇಲೆ. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯುವ ತನಕ ಒಳಗಿರುವವರ ಜೊತೆ ಮಾತಾಡುತ್ತಾ, ಅವರ ಧೈರ್ಯ ಕೆಡದಂತೆ ನೋಡಿಕೊಳ್ಳುವುದೇ ನನ್ನ ಕಸುಬು. ವರ್ಷಗಟ್ಟಲೆ ಮುಖ ನೋಡದ ಇಬ್ಬರು ನೆರೆಹೊರೆಯವರು ಒಂದೇ ಲಿಫ್ಟಿನಲ್ಲಿ ಸಿಕ್ಕಿಕೊಂಡು, ಹಳೆಯ ಜಗಳದ ಪಂಚಾಯಿತಿಯನ್ನು ನನ್ನಿಂದಲೇ ಮಾಡಿಸಿಕೊಂಡಿದ್ದಾರೆ. ಒಬ್ಬ ವಕೀಲರು, ಲಿಫ್ಟ್ ಅಲುಗಿದರೆ ನನ್ನ ಮೇಲೆ ಕೇಸು, ಅಲುಗದಿದ್ದರೆ ಕಂಪನಿಯ ಮೇಲೆ ಕೇಸು ಎಂದಿದ್ದಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ: ಹೆದರಬೇಡಿ, ನಾನು ಇಲ್ಲೇ ಇದ್ದೇನೆ. ಇದು ಒಳ್ಳೆಯ ಕೆಲಸ, ನನಗೆ ಇಷ್ಟದ ಕೆಲಸ; ಇಲ್ಲವೆಂದು ನಾನು ಎಂದೂ ಹೇಳಿಲ್ಲ.

ಆದರೆ ಈ ಕೆಲಸಕ್ಕೆ ಇಟ್ಟಿದ್ದು ಎರಡು ಕುರ್ಚಿ. ಪಕ್ಕದ ಕುರ್ಚಿಯ ಗೆಳತಿ ಹೆರಿಗೆ ರಜೆಗೆಂದು ಹೋದವಳು ಅಲ್ಲಿಂದಲೇ ಬೇರೆ ಊರಿಗೆ ಹೋದಳು. ಅವಳು ಮರೆತುಹೋದ ಸ್ವೆಟರ್ ಕುರ್ಚಿಯ ಬೆನ್ನಿಗೆ ನೇತುಬಿದ್ದಿತ್ತು. ದೂರದಿಂದ ನೋಡಿದವರಿಗೆ ಇಬ್ಬರು ಕೂತಂತೆಯೇ ಕಾಣುತ್ತಿತ್ತು. ಮ್ಯಾನೇಜರರೂ ದೂರದಿಂದಲೇ ನೋಡುವವರಾದ್ದರಿಂದ, ಹೊಸಬರನ್ನು ಯಾವಾಗ ಹಾಕುತ್ತೀರಿ ಎಂದು ನಾನು ಕೇಳಿದಾಗಲೆಲ್ಲ 'ಸದ್ಯದಲ್ಲೇ' ಎಂದು ಹೇಳಿ ಮುಂದೆ ಹೋಗುತ್ತಿದ್ದರು. ಊಟ ಎಂದರೆ ಒಂದು ಗಂಟೆ ಬಾರಿಸಿ ಇನ್ನೊಂದು ಬಾರಿಸುವುದರೊಳಗೆ ಬಾಯಿಗೆ ಹಾಕಿಕೊಂಡ ತುತ್ತು ಎಂದಾಯಿತು. ಬಚ್ಚಲಿಗೆ ಹೋಗಬೇಕಾದರೆ, ಕಾವಲಿನ ತಾತನನ್ನು ಕರೆದು ಕೂರಿಸಿ ಓಡಬೇಕಿತ್ತು. ತಾತನಿಗೆ ಕಿವಿ ಮಂದ. ಒಳಗೆ ಸಿಕ್ಕಿಕೊಂಡವರು ಕಾಪಾಡಿ ಎಂದರೆ ಅವರು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದರು.

ಕಚೇರಿಯ ಗಂಟೆ ಕಚೇರಿಯಲ್ಲೇ ನಿಂತಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ. ಮನೆಯಲ್ಲಿ ಕಾಲಿಂಗ್ ಬೆಲ್ ಆದರೆ ಸಾಕು, ನಾನು ಬಾಗಿಲಿನ ಈ ಕಡೆಯಿಂದ "ಎಷ್ಟನೇ ಮಹಡಿ?" ಎಂದು ಕೇಳಲು ಶುರುಮಾಡಿದೆ. ಹಾಲಿನವನು ಮರ್ಯಾದೆಯಿಂದ "ಮೂರನೇದು, ನಿಮ್ಮನೇನೇ" ಎಂದು ಉತ್ತರಿಸುತ್ತಿದ್ದ. ಮಗಳು ಸ್ನಾನದ ಕೋಣೆಯಿಂದ ಟವೆಲ್ ಬೇಕೆಂದು ಕೂಗಿದಾಗ, ಬಾಗಿಲಿನಿಂದ ದೂರ ನಿಲ್ಲು, ಮೆಕ್ಯಾನಿಕ್ ದಾರಿಯಲ್ಲಿದ್ದಾನೆ ಎಂದುಬಿಟ್ಟೆ. ಅವಳು ಒದ್ದೆ ತಲೆಯಲ್ಲೇ ಹೊರಗೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಕನ್ನಡಕದ ಅಂಗಡಿ ಇಟ್ಟಿರುವ ನನ್ನ ಯಜಮಾನರು ಇದಕ್ಕೆಲ್ಲ ಕಣ್ಣಿನ ನಂಬರ್ ಬದಲಾಗಿರುವುದೇ ಕಾರಣವೆಂದು ತೀರ್ಮಾನಿಸಿ, ಹೊಸ ಕನ್ನಡಕ ತಂದುಕೊಟ್ಟರು. ಅದರಿಂದ ನನ್ನ ಆಯಾಸ ನನಗೇ ಇನ್ನಷ್ಟು ಸ್ಪಷ್ಟವಾಗಿ ಕಾಣತೊಡಗಿತು.

ಇಲ್ಲಿಯವರೆಗಿನದು ನಗುವ ಮಾತು. ಒಂದು ಸಂಜೆ ಮಾತ್ರ ನಗು ಬರಲಿಲ್ಲ. ಕೆಲಸ ಮುಗಿಸಿ, ಮನೆಯ ಮೆಟ್ಟಿಲು ಹತ್ತಿ, ನಮ್ಮ ಬಾಗಿಲಿನ ಮುಂದೆ ನಿಂತು, ಬೆಲ್ ಒತ್ತಲು ಎತ್ತಿದ ಕೈ ಹಾಗೇ ಕೆಳಗಿಳಿಯಿತು. ಒಳಗೆ ಯಜಮಾನರು ಮಗಳಿಗೆ ಏನೋ ಹೇಳಿ ನಗುತ್ತಿದ್ದುದು ಕೇಳುತ್ತಿತ್ತು. ಅವರೆಲ್ಲ ನನ್ನವರೇ, ನನಗಾಗಿಯೇ ಕಾಯುತ್ತಿದ್ದವರು. ಆದರೂ ಬಾಗಿಲು ತೆಗೆದ ತಕ್ಷಣ ಯಾರಾದರೊಬ್ಬರು ಏನಾದರೊಂದು ಕೇಳುತ್ತಾರಲ್ಲ ಎನ್ನಿಸಿ, ಮೆಟ್ಟಿಲ ಮೇಲೆ ಕುಸಿದು ಕುಳಿತುಬಿಟ್ಟೆ. ಎಷ್ಟು ಹೊತ್ತಾದ ಮೇಲೋ, ಕಸದ ಬುಟ್ಟಿ ಹೊರಗಿಡಲು ನಮ್ಮ ಅತ್ತೆ ಬಾಗಿಲು ತೆಗೆದರು. ನನ್ನನ್ನು ನೋಡಿದರು, ಹಿಂದೆ ತಿರುಗಿ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು, ಮಂಡಿ ಹಿಡಿದುಕೊಂಡು ನನ್ನ ಪಕ್ಕದಲ್ಲೇ ಕೂತರು.

"ಒಳಗೆ ಬರೋಕೆ ಮನಸ್ಸಾಗ್ತಿಲ್ವಾ?" ಎಂದು ಕೇಳಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. "ಸರಿ, ಇಲ್ಲೇ ಕೂತಿರು. ಬಂದಿಲ್ಲ ಅಂತ ಹೇಳ್ತೀನಿ."

ಹೊರಗಿನವರು ಯಾರಾದರೂ ನೋಡಿದ್ದರೆ, ಅತ್ತೆ ಸೊಸೆ ಕಸದ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಏನೋ ಗಹನವಾದ ಚರ್ಚೆಯಲ್ಲಿದ್ದಾರೆ ಎಂದುಕೊಳ್ಳುತ್ತಿದ್ದರು. ಇಬ್ಬರೂ ತುಟಿ ಬಿಚ್ಚಲಿಲ್ಲ. ಆ ರಾತ್ರಿ ಮಲಗುವ ಮುಂಚೆ ಕೆಲಸ ಬಿಡುವುದೆಂದು ನಿರ್ಧರಿಸಿದೆ. ತಿಂಗಳ ಕೊನೆಗೆ ಮ್ಯಾನೇಜರರಿಗೆ ಹೇಳುವುದೆಂದುಕೊಂಡೆ.

ಹೀಗಿರುವಾಗ, ಮಾನ್ಯರೇ, ತಾವು ಅವತರಿಸಿದಿರಿ. ತಾವು ಬಂದ ವಾರದಲ್ಲೇ ಏಳನೇ ಮಹಡಿಯಲ್ಲಿ ನೆಮ್ಮದಿ ಕೋಣೆ ಎದ್ದಿತು. ಮೂಲೆ ಮೂಲೆಗೂ ಗಿಡದ ಕುಂಡ ಬಂತು. ಒತ್ತಡವಾದಾಗ ಹಿಸುಕಲೆಂದು ಪ್ರತಿಯೊಬ್ಬರಿಗೂ ಒಂದೊಂದು ರಬ್ಬರ್ ಚೆಂಡು ಬಂತು. ಅಕೌಂಟ್ಸ್ ವಿಭಾಗದವರು ಅದರಲ್ಲೇ ಕ್ರಿಕೆಟ್ ಆಡಿ ಮೊದಲ ದಿನವೇ ಮ್ಯಾನೇಜರರ ಗಾಜಿಗೆ ಬಿರುಕು ತಂದರು, ಅವರ ಒತ್ತಡ ನಿಜವಾಗಿಯೂ ಇಳಿಯಿತು. ಮನಸ್ಸು ಹಗುರಾಗಲೆಂದು ತಾವು ಸ್ಪೀಕರಿನಲ್ಲಿ ನೀರು ಧುಮುಕುವ ಸದ್ದು ಹಾಕಿಸಿದಿರಿ. ಅದನ್ನು ಕೇಳುತ್ತಾ ಕೂತ ಸಿಬ್ಬಂದಿ ಒಬ್ಬೊಬ್ಬರಾಗಿ ಎದ್ದು ಬಚ್ಚಲಿನ ಮುಂದೆ ಸಾಲು ನಿಂತರು. ಅಲ್ಲಿ ಬಾಗಿಲ ಮೇಲೆ ತಾವೇ ಅಂಟಿಸಿದ್ದ 'ನಿಮ್ಮನ್ನು ನೀವು ಪ್ರೀತಿಸಿ' ಎಂಬ ವಾಕ್ಯವನ್ನು ಓದಲು ಅವರಿಗೆಲ್ಲ ಸಾಕಷ್ಟು ಸಮಯ ಸಿಕ್ಕಿತು. ಇಷ್ಟು ಸಮಗ್ರವಾಗಿ ಯೋಜನೆ ಮಾಡುವವರನ್ನು ನಾನು ನೋಡಿಲ್ಲ.

ಇದೆಲ್ಲದರ ಕಳಶವೆಂಬಂತೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆ ನೆಮ್ಮದಿ ಕೋಣೆಯಲ್ಲಿ ಕಡ್ಡಾಯ ವಿಶ್ರಾಂತಿ ತರಗತಿ ಶುರುವಾಯಿತು. ಕಡ್ಡಾಯ ಮತ್ತು ವಿಶ್ರಾಂತಿ ಎಂಬೆರಡು ಪದಗಳನ್ನು ಅಕ್ಕಪಕ್ಕ ಕೂರಿಸಿದ ಕೀರ್ತಿ ತಮ್ಮದು. ನಾನು ಬರಲಿಲ್ಲ. ಮತ್ತೆ ಕರೆದರೂ ಬರಲಿಲ್ಲ. ಆಗ ತಾವೇ ಆ ಸದ್ದಿಲ್ಲದ ಶೂಗಳಲ್ಲಿ ನನ್ನ ಮೇಜಿನ ಬಳಿ ಬಂದು, ನನ್ನ ಒಳಿತಿಗೆ ನಾನೇ ಸಮಯ ಕೊಡುತ್ತಿಲ್ಲವೆಂದು ಅತ್ಯಂತ ನೋವಿನಿಂದ ಹೇಳಿದಿರಿ. ಸಮಯ ಕೊಡುತ್ತೇನೆ, ಆದರೆ ಈ ಕುರ್ಚಿಯಲ್ಲಿ ಕೂರುವವರು ಯಾರು ಎಂದು ಕೇಳಿದೆ. ಹೀಗೆ ಕೇಳಿದ ಮೇಲೆ ದೊಡ್ಡವರು ಗಡಿಯಾರ ನೋಡಿಕೊಂಡು ಹೊರಡುವುದು ನಮ್ಮ ಕಚೇರಿಯ ರೂಢಿ. ತಾವು ರೂಢಿ ಮುರಿದಿರಿ.

"ನಾನೇ ಕೂರ್ತೀನಿ," ಎಂದಿರಿ.

ತರಗತಿ ನಡೆಸಲು ತಮ್ಮ ಧ್ವನಿಯ ಮುದ್ರಿಕೆ ಇದೆಯೆಂದೂ, ಅರ್ಧ ಗಂಟೆ ಅದೇ ನೋಡಿಕೊಳ್ಳುತ್ತದೆಂದೂ ಹೇಳಿದಿರಿ. ನಾನು ತಮಗೆ ಕೆಲಸ ಹೇಳಿಕೊಟ್ಟೆ: ಮೊದಲು ಕಟ್ಟಡ ಯಾವುದೆಂದು ಕೇಳಬೇಕು, ಬಾಗಿಲು ಎಳೆಯಬೇಡಿ ಎನ್ನಬೇಕು, ಮೆಕ್ಯಾನಿಕ್‌ಗೆ ತಿಳಿಸಿ ಮಾತು ಮುಂದುವರಿಸಬೇಕು. ತಾವು ಕುರ್ಚಿಯ ಎತ್ತರ ಸರಿಮಾಡಿಕೊಂಡು ಕೂತಿರಿ. ನಾನು ಊಟದ ಡಬ್ಬಿ ಎತ್ತಿಕೊಂಡು, ಶಾಲು ಹೊದ್ದು, ನಮ್ಮದೇ ಕಚೇರಿಯ ಲಿಫ್ಟ್ ಹತ್ತಿದೆ. ಅದು ಐದನೇ ಮಹಡಿ ದಾಟಿ, ಆರನೆಯದನ್ನು ಮುಟ್ಟುವ ಮುಂಚೆ ಒಂದು ಸಲ ಬಿಕ್ಕಳಿಸಿ ನಿಂತಿತು. ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವ ಭರದಲ್ಲಿ ಇದನ್ನು ಯಾರೂ ತಿರುಗಿಯೂ ನೋಡಿರಲಿಲ್ಲ.

ಇಷ್ಟು ವರ್ಷ ಗುಂಡಿಯ ಆ ಕಡೆ ಇದ್ದವಳು, ಮೊದಲ ಸಲ ಈ ಕಡೆಯಿಂದ ಒತ್ತಿದೆ. ತಾವು ಎತ್ತಿಕೊಂಡಿರಿ.

"ಹೆದರ್ಬೇಡಿ, ನಾನು ಇಲ್ಲೇ ಇದ್ದೀನಿ. ಯಾವ ಕಟ್ಟಡ?"

"ಇದೇ ಕಟ್ಟಡ ಸಾರ್."

"ಇದೇ ಅಂದ್ರೆ?"

"ನೀವು ಕೂತಿರೋದೇ. ನಾನು, ಗಂಟೆ ಅಕ್ಕ."

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ ತಾವು ದೀರ್ಘವಾಗಿ ಉಸಿರೆಳೆದುಕೊಂಡು ನಿಧಾನವಾಗಿ ಬಿಡಿ ಎಂದು ಹೇಳಿದಿರಿ. ಅದನ್ನು ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ಇವತ್ತಿಗೂ ಗೊತ್ತಾಗಿಲ್ಲ. ಇಬ್ಬರೂ ಉಸಿರೆಳೆದು ಬಿಟ್ಟೆವು. ಅಷ್ಟರಲ್ಲಿ ಇನ್ನೊಂದು ಗಂಟೆ ಬಾರಿಸಿತು. ಯಾವುದೋ ಕಟ್ಟಡದಲ್ಲಿ ಒಬ್ಬ ಮುದುಕರು, ಹೊಸ ಹಾಸಿಗೆ ಮತ್ತು ಅದನ್ನು ಹೊತ್ತು ತಂದವನ ನಡುವೆ ಸಿಕ್ಕಿಕೊಂಡಿದ್ದರು. ಅವರನ್ನು ಮೊದಲು ನೋಡಿ, ನನ್ನದು ಆಮೇಲೆ ಎಂದು ನಾನೇ ಹೇಳಿದೆ. ಮೆಕ್ಯಾನಿಕ್‌ಗಳೆಲ್ಲ ಹೊರಗಡೆ ಇದ್ದುದರಿಂದ ತಡವಾಗಬಹುದೆಂದು ತಾವು ಅಪರಾಧಿಯ ಧ್ವನಿಯಲ್ಲಿ ಹೇಳಿದಿರಿ. ಪರವಾಗಿಲ್ಲ ಎಂದೆ. ಲೈನ್ ಕಟ್ಟಾಯಿತು.

ಮಾನ್ಯರೇ, ಆಮೇಲೆ ಅಲ್ಲಿ ನಡೆದದ್ದನ್ನು ಹೇಗೆ ವಿವರಿಸಲಿ? ಏನೂ ನಡೆಯಲಿಲ್ಲ. ಮೊದಲು ಕಿವಿ ತಾನಾಗಿಯೇ ಮುಂದಿನ ಗಂಟೆಗೆ ಕಾದಿತು. ಗಂಟೆ ಬರಲಿಲ್ಲ. ಯಾರೂ ಏನೂ ಕೇಳಲಿಲ್ಲ. ಕೇಳಿದರೂ ನಾನೇನೂ ಮಾಡುವಂತಿರಲಿಲ್ಲ. ಬಾಗಿಲು ಮುಚ್ಚಿತ್ತು, ಮುಚ್ಚಿದ್ದು ನಾನಲ್ಲ. ಚಪ್ಪಲಿ ಬಿಟ್ಟು ನೆಲಕ್ಕೆ ಕೂತೆ. ಡಬ್ಬಿ ಬಿಚ್ಚಿ, ಒಂದೊಂದೇ ತುತ್ತನ್ನು ಅಗಿದು, ಅದರ ರುಚಿ ಏನೆಂದು ಯೋಚಿಸುತ್ತಾ ತಿಂದೆ. ನಮ್ಮ ಯಜಮಾನರು ಅಡುಗೆಗೆ ಉಪ್ಪು ಸ್ವಲ್ಪ ಕಡಿಮೆ ಹಾಕುತ್ತಾರೆಂಬುದು ನನಗೆ ಆವತ್ತೇ ಗೊತ್ತಾದದ್ದು. ತಿಂದು ಮುಗಿಸಿ, ಶಾಲು ಹಾಸಿ, ಒಂದು ಕ್ಷಣ ಸೊಂಟ ನೆಟ್ಟಗೆ ಮಾಡೋಣವೆಂದು ಮಲಗಿದೆ. ಮೇಲಿನ ಮಹಡಿಯಿಂದ ತಮ್ಮ ಮುದ್ರಿತ ಧ್ವನಿ ತೆಳ್ಳಗೆ ಇಳಿದುಬರುತ್ತಿತ್ತು: ಕಣ್ಣು ಮುಚ್ಚಿ, ಭುಜ ಸಡಿಲ ಬಿಡಿ. ತಮ್ಮ ಮಾತನ್ನು ನಾನು ಪಾಲಿಸಲಿಲ್ಲವೆಂದು ಇನ್ನು ಯಾರೂ ಹೇಳಬಾರದು.

ನಾನು ನಿದ್ದೆಯಲ್ಲಿದ್ದಾಗ ನಡೆದದ್ದನ್ನು ಆಮೇಲೆ ಬೇರೆಯವರ ಬಾಯಲ್ಲಿ ಕೇಳಿದೆ. ಮುದುಕರನ್ನು ಹಾಸಿಗೆಯಿಂದ ಬಿಡಿಸುವ ತನಕ ತಾವು ಅವರ ಜೊತೆ ಮಾತಾಡಿದಿರಂತೆ, ಅವರ ಮೊಮ್ಮಗಳ ಓದಿನ ಬಗ್ಗೆಯೆಲ್ಲ ವಿಚಾರಿಸಿದಿರಂತೆ. ನಡುವೆ ಇನ್ನೂ ಎರಡು ಕರೆ ಬಂದವಂತೆ, ಅವನ್ನೂ ನಿಭಾಯಿಸಿದಿರಂತೆ. ಅದಾದ ಮೇಲೆ ನನ್ನ ಲಿಫ್ಟಿಗೆ ಕರೆ ಮಾಡಿದರೆ ಉತ್ತರವಿಲ್ಲ. ಮತ್ತೆ ಮಾಡಿದರೂ ಉತ್ತರವಿಲ್ಲ. ತಾವು ಮೇಜಿನಲ್ಲಿ ಕಾವಲಿನ ತಾತನನ್ನು ಕೂರಿಸಿ, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಆರನೇ ಮಹಡಿಗೆ ಓಡಿ, ಬಾಗಿಲು ಬಡಿದು, ಕೂಗಿ, ಮೆಕ್ಯಾನಿಕ್ ಬರುವಷ್ಟರಲ್ಲಿ ಇಡೀ ಕಚೇರಿಯನ್ನು ಅಲ್ಲಿ ಸೇರಿಸಿದ್ದಿರಂತೆ. ನಮ್ಮ ಹಿರಿಯ ಮೆಕ್ಯಾನಿಕ್ ಬಾಗಿಲು ಸರಿಸಿ, ಟಾರ್ಚ್ ಬಿಟ್ಟು, ಒಂದು ಗಳಿಗೆ ಕಿವಿಗೊಟ್ಟು ಕೇಳಿ, ವರದಿ ಒಪ್ಪಿಸಿದರಂತೆ: "ಉಸಿರಾಡ್ತಾ ಇದ್ದಾರೆ ಸಾರ್. ಗೊರಕೆನೂ ಹೊಡೀತಾ ಇದ್ದಾರೆ."

ನಾನು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ತಮ್ಮ ಮುಖ. ಕೂದಲು ಕೆದರಿತ್ತು, ಕಾಲರಿನ ಗುಂಡಿ ಕಿತ್ತುಹೋಗಿತ್ತು, ಕಣ್ಣಲ್ಲಿ ನೀರಿತ್ತು. ಇನ್ನೊಂದು ಹತ್ತು ನಿಮಿಷ ಬಾಗಿಲು ಮುಚ್ಚಿ ಎಂದು ನಾನು ಬೇಡಿಕೊಂಡದ್ದಕ್ಕೆ ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ತಾವು ನಗಲಿಲ್ಲ. ಒಳಗೆ ಇಳಿದು, ಅಚ್ಚುಕಟ್ಟಾದ ಪ್ಯಾಂಟನ್ನೂ ಲೆಕ್ಕಿಸದೆ ಲಿಫ್ಟಿನ ನೆಲದ ಮೇಲೆ ನನ್ನೆದುರು ಕೂತುಬಿಟ್ಟಿರಿ.

"ಅಕ್ಕಾ, ದಿನಾ ಇದನ್ನೆಲ್ಲ ನೀವೊಬ್ರೇ ಮಾಡ್ತೀರಾ?" ಎಂದು ಕೇಳಿದಿರಿ.

"ಮೊದಲು ಇಬ್ಬರಿದ್ವಿ," ಎಂದೆ. ಹೇಳಿದ್ದು ಅಷ್ಟೇ. ಆದರೆ ಅದನ್ನು ಹೇಳುತ್ತಲೇ, ಅಷ್ಟೆಲ್ಲ ಜನರ ಮುಂದೆ ನಾನು ಅತ್ತುಬಿಟ್ಟೆ. ತಾವು ಉಸಿರೆಳೆದುಕೊಳ್ಳಿ ಎನ್ನಲಿಲ್ಲ, ಚೆಂಡು ಹಿಸುಕಿ ಎನ್ನಲಿಲ್ಲ. ಅಳು ಮುಗಿಯುವ ತನಕ ಸುಮ್ಮನೆ ಕೂತಿದ್ದಿರಿ. ಮೆಕ್ಯಾನಿಕ್ ಮಾತ್ರ ಬಾಗಿಲು ಹಿಡಿದು ಹಿಡಿದು ತನ್ನ ಕೈ ಸೋತಿದೆಯೆಂದು ನಡುನಡುವೆ ನೆನಪಿಸುತ್ತಿದ್ದರು.

ಅಲ್ಲಿಂದ ತಾವು ನೇರವಾಗಿ ಮ್ಯಾನೇಜರರ ಕೋಣೆಗೆ ಹೋದಿರಿ. ಒಳಗೆ ನಡೆದ ಮಾತು ನನಗೆ ಗೊತ್ತಿಲ್ಲ. ಎರಡನೇ ಮಹಡಿಯವರೆಗೆ ಕೇಳಿಸಿತೆಂದು ಹೇಳುವವರನ್ನು ನಾನು ನಂಬುವುದಿಲ್ಲ, ಒಂದನೇ ಮಹಡಿಯವರೆಗೂ ಕೇಳಿಸಿರಬೇಕು. ಮರುದಿನವೇ ತಾವು ಪಕ್ಕದ ಕುರ್ಚಿಯ ಸ್ವೆಟರನ್ನು ಮಡಿಸಿ ಅದರ ಒಡತಿಗೆ ಕಳಿಸಿಕೊಟ್ಟಿರಿ. ಕುರ್ಚಿ ಖಾಲಿಯಾಗಿ ಕಂಡಿತು. ಹಾಗೆ ಕಂಡ ಮೇಲೆ ಮ್ಯಾನೇಜರರಿಗೆ ಬೇರೆ ದಾರಿ ಉಳಿಯಲಿಲ್ಲ. ಹೊಸಬರನ್ನು ಹುಡುಕುವ ತನಕ ಮಧ್ಯಾಹ್ನದ ಹೊತ್ತು ತಾವೇ ಬಂದು ಕೂತಿರಿ; ಕಡ್ಡಾಯ ತರಗತಿ ನಿಂತುಹೋಯಿತು, ನನ್ನ ಊಟ ಶುರುವಾಯಿತು. ಈಗ ಆ ಕುರ್ಚಿಯಲ್ಲಿ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದ ಹೆಂಗಸೊಬ್ಬರು ಕೂರುತ್ತಾರೆ. ಒಳಗೆ ಸಿಕ್ಕಿಕೊಂಡವರಿಗೆ ಅವರು ಹೇಳುವುದು "ಹೆದರಬೇಡಿ" ಎಂದಲ್ಲ, "ಸುಮ್ನೆ ನಿಂತ್ಕೊಳ್ರೀ!" ಎಂದು. ಆ ಧ್ವನಿ ಕೇಳಿದ ಮೇಲೆ ಲಿಫ್ಟಿನ ಭಯ ಯಾರಿಗೂ ಉಳಿಯುವುದಿಲ್ಲ.

ಕೆಲಸ ಬಿಡುವ ಯೋಚನೆಯನ್ನು ನಾನು ಬಿಟ್ಟಿದ್ದೇನೆ. ಸಂಜೆ ಮನೆಗೆ ಹೋದಮೇಲೆ ಅರ್ಧ ಗಂಟೆ ನನ್ನನ್ನು ಯಾರೂ ಏನೂ ಕೇಳಬಾರದೆಂದು ಅತ್ತೆ ಆಜ್ಞೆ ಹೊರಡಿಸಿದ್ದಾರೆ. ಆ ಹೊತ್ತಿನಲ್ಲಿ ನಾವಿಬ್ಬರೂ ಪಾರ್ಕಿನ ಬೆಂಚಿನ ಮೇಲೆ ಮಾತಿಲ್ಲದೆ ಕೂತು ಬರುತ್ತೇವೆ. ಮಗಳು ಟವೆಲನ್ನು ತಾನೇ ಒಯ್ಯುತ್ತಾಳೆ. ಯಜಮಾನರು ಉಪ್ಪು ಸರಿಯಾಗಿ ಹಾಕುತ್ತಿದ್ದಾರೆ. ಬೇಡ ಎನ್ನಬೇಕಾದಲ್ಲಿ ಬೇಡ ಎನ್ನುವುದನ್ನು ನಾನೂ ಕಲಿಯುತ್ತಿದ್ದೇನೆ. ಮೊನ್ನೆ ಮ್ಯಾನೇಜರರು ಭಾನುವಾರವೂ ಬರಲಾಗುತ್ತದೆಯೇ ಎಂದು ಕೇಳಿದಾಗ, ತುಂಬ ವಿನಯದಿಂದ 'ಸದ್ಯದಲ್ಲೇ' ಎಂದೆ.

ಇಷ್ಟಾದ ಮೇಲೂ ದೂರೇಕೆ ಎಂದು ತಾವು ಕೇಳಬಹುದು. ದೂರು ಇದೇ: ತಾವು ನನ್ನನ್ನು ಬೇಗ ಕಾಪಾಡಿದಿರಿ. ಅಂಥ ನಿದ್ದೆ ನನಗೆ ಮದುವೆಗೆ ಮುಂಚೆ ಬರುತ್ತಿತ್ತು, ಆಮೇಲೆ ಆ ಲಿಫ್ಟಿನಲ್ಲಿ ಬಂತು. ಅದನ್ನು ಅರ್ಧದಲ್ಲಿ ಮುರಿಯಲು ತಮಗೆ ಅಧಿಕಾರ ಕೊಟ್ಟವರು ಯಾರು? ಅದು ಸಾಲದೆಂಬಂತೆ ತಾವು ಆ ಲಿಫ್ಟನ್ನು ಎಷ್ಟು ಚೆನ್ನಾಗಿ ರಿಪೇರಿ ಮಾಡಿಸಿದ್ದೀರೆಂದರೆ, ಅದು ಈಗ ಎಲ್ಲೂ ನಿಲ್ಲುವುದೇ ಇಲ್ಲ. ನನ್ನ ಕಥೆ ಕೇಳಿದ ಅಕೌಂಟ್ಸ್ ವಿಭಾಗದವರು ದಿಂಬು ಹಿಡಿದುಕೊಂಡು, ಕೆಟ್ಟೀತೆಂಬ ಆಸೆಯಿಂದ ಮೇಲೆ ಕೆಳಗೆ ಓಡಾಡಿ ನಿರಾಶರಾಗಿದ್ದಾರೆ. ಅವರ ಕಣ್ಣೀರನ್ನು ನೋಡಲಾಗುತ್ತಿಲ್ಲ. ಲಿಫ್ಟಿನೊಳಗೆ ಮಲಗುವುದನ್ನು ನಿಷೇಧಿಸಲಾಗಿದೆ ಎಂದು ಹಾಕಿಸಿರುವ ಫಲಕದಲ್ಲಿ ಮಲಗಿರುವ ಹೆಂಗಸಿನ ಚಿತ್ರ ನನ್ನನ್ನೇ ಹೋಲುತ್ತದೆ, ಶಾಲಿನ ಅಂಚು ಸಹಿತ. ಸೊಂಟದ ಸುತ್ತಳತೆಯನ್ನು ಮಾತ್ರ ಚಿತ್ರಕಾರರು ಉದಾರವಾಗಿ ತೋರಿಸಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಇವು. ಸದರಿ ಲಿಫ್ಟ್ ತಿಂಗಳಿಗೊಮ್ಮೆಯಾದರೂ ಐದು ಮತ್ತು ಆರನೇ ಮಹಡಿಗಳ ನಡುವೆ ಸಕಾರಣವಾಗಿ ಕೆಡಬೇಕು. ಕೆಡುವ ಮುನ್ನ ನನಗೆ ತಿಳಿಸಬೇಕು, ದಿಂಬು ತರಬೇಕಲ್ಲ. ಬಾಗಿಲು ತೆಗೆಯಲು ಊರಲ್ಲೇ ಅತ್ಯಂತ ನಿಧಾನದ ಮೆಕ್ಯಾನಿಕ್ ಅನ್ನು ಕಾಲ್ನಡಿಗೆಯಲ್ಲಿ ಕಳಿಸಬೇಕು. ಫಲಕದ ಹೆಂಗಸನ್ನು ಸ್ವಲ್ಪ ತೆಳ್ಳಗೆ ಮಾಡಿಸಬೇಕು. ಇವನ್ನೆಲ್ಲ ಈಡೇರಿಸಲಾಗದಿದ್ದರೆ, ಆ ಕುರ್ಚಿ ಮತ್ತೆಂದೂ ಖಾಲಿ ಬೀಳದಂತೆ ನೋಡಿಕೊಂಡರೂ ಸಾಕು, ಉಳಿದದ್ದನ್ನು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತೇನೆ.

ಎರಡು ಹೊತ್ತೂ ಕೂತು ಉಣ್ಣುವ, ರಾತ್ರಿ ಕಣ್ಣು ತುಂಬ ನಿದ್ದೆ ಮಾಡುವ,
ತಮ್ಮ ವಿಶ್ವಾಸಿ,
ಗಂಟೆ ಅಕ್ಕ

ಅಡಿ ಟಿಪ್ಪಣಿ: ಈಗಷ್ಟೇ ನಮ್ಮ ತುರ್ತು ಸಂಖ್ಯೆಗೆ ಒಬ್ಬರು ತಾಯಿ ಕರೆ ಮಾಡಿದ್ದರು. ತನ್ನ ಮಗ ಕೆಲಸಕ್ಕೆ ಸೇರಿದಾಗಿನಿಂದ ಒಂದು ದಿನ ರಜೆ ಹಾಕಿಲ್ಲ, ಮನೆಗೆ ಬಂದರೂ ಊಟದ ನಡುವೆ ಯಾರ್ಯಾರದೋ ನೆಮ್ಮದಿಯ ಬಗ್ಗೆ ಫೋನಿನಲ್ಲಿ ಮಾತಾಡುತ್ತಲೇ ಇರುತ್ತಾನೆ, ಇಲ್ಲಿಂದ ಏನಾದರೂ ಮಾಡಲಾಗುತ್ತದೆಯೇ ಎಂದು ಕೇಳಿದರು. ಹೆದರಬೇಡಿ ಅಮ್ಮ, ಸಿಕ್ಕಿಕೊಂಡಿರುವುದು ಏಳನೇ ಮಹಡಿಯ ನೆಮ್ಮದಿ ಕೋಣೆಯಲ್ಲಿ, ಬಾಗಿಲು ಒಳಗಿನಿಂದ ಹಾಕಿಕೊಂಡಿದೆ, ಹೊರಗೆ ಎಳೆಯಲು ನಮ್ಮ ಕಂಡಕ್ಟರ್ ಅಮ್ಮನವರನ್ನು ಕಳಿಸುತ್ತಿದ್ದೇನೆ ಎಂದು ಹೇಳಿದ್ದೇನೆ. ಅವರು ಈಗಾಗಲೇ ಮೆಟ್ಟಿಲು ಹತ್ತುತ್ತಿದ್ದಾರೆ. ತಾವಾಗಿಯೇ ಹೊರಗೆ ಬಂದರೆ ಇಬ್ಬರಿಗೂ ಕ್ಷೇಮ.